ಕಾಸಿಲ್ಲದ ಮಾವನ ಕಾಸಿನ ಪುಸ್ತಕ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ದಿನಚರಿ ಬರೆಯುವ ಅಭ್ಯಾಸವಿದ್ದರೂ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಮಾವ ಚೀಲದಲ್ಲಿ ಹೊತ್ತು ತಿರುಗುತ್ತಿದ್ದ ಆ ದಪ್ಪ ಪುಸ್ತಕದ ರಟ್ಟು ಕೆಂಪಗಿತ್ತೋ ಹಸಿರಾಗಿತ್ತೋ ಎಂದು ಕೇಳಿದರೆ ತಡವರಿಸುತ್ತೇನೆ. ಆದರೆ ಒಂದು ಮಾತು ಖಂಡಿತ: ನಂಜನಗೂಡಿನ ನನ್ನ ಸೋದರಮಾವ ನಾಣ್ಯಸಂಗ್ರಹಕಾರರು. ಅವರ ಹತ್ತಿರ ಇಲ್ಲದಿರುವುದು ನಾಣ್ಯ ಮಾತ್ರ!

ಇರುವುದು ನಾಣ್ಯಗಳನ್ನು ಕುರಿತ ಪುಸ್ತಕಗಳು. "ಮೊದ್ಲು ಪುಸ್ತಕ, ಆಮೇಲೆ ಕಾಸು ಕಣವ್ವಾ. ತಿಳ್ಕೊಳ್ದೆ ಕೊಂಡ್ರೆ ಟೋಪಿ ಹಾಕ್ತಾರೆ" ಎನ್ನುವುದು ಅವರ ಸಿದ್ಧಾಂತ. ಪುಸ್ತಕ ಕೊಂಡು, ಓದಿ, ಗೆರೆ ಎಳೆದು, ಇನ್ನೇನು ಒಂದು ನಾಣ್ಯ ಕೊಳ್ಳಬೇಕು ಎನ್ನುವಷ್ಟರಲ್ಲಿ ಅದೇ ಪುಸ್ತಕದ ಹೊಸ ಆವೃತ್ತಿ ಬಂದುಬಿಡುತ್ತದೆ! ಹಳೆಯದನ್ನು ಇನ್ನು ನಂಬುವುದು ಹೇಗೆ? ಮತ್ತೆ ಪುಸ್ತಕ. ಬೀರುವಿನ ತುಂಬ ಅವೇ. ಅತ್ತೆಯ ರೇಷ್ಮೆ ಸೀರೆಗಳಿಗೆ ಮಂಚದ ಕೆಳಗಿನ ಟ್ರಂಕು.

"ಬುಕ್ಕಿಗೆ ಬೀಗ ಬೇರೆ! ಕಳ್ಳ ಬಂದ್ರೆ ಕೂತು ಓದ್ಕೊಂಡು ಓಗ್ಲಿ ಬುಡಿ" ಎನ್ನುತ್ತಾರೆ ಅತ್ತೆ.

ಕಾಲೇಜಿನ ದಿನಗಳಲ್ಲಿ ಮಾವನ ಜೊತೆ ಬಸ್ಸಿನಲ್ಲಿ ತಿ. ನರಸೀಪುರದ ನಮ್ಮ ಮನೆಗೆ ಬರುವುದೆಂದರೆ ನನಗೆ ಶಿಕ್ಷೆ. ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ಎಲ್ಲರೂ ಜೇಬಿಗೆ ಹಾಕಿಕೊಂಡರೆ ಇವರು ಭೂತಗನ್ನಡಿ ತೆಗೆಯುತ್ತಿದ್ದರು.

"ನೋಡಪ್ಪಾ, ಇಸ್ವಿ ಕೆಳ್ಗೆ ಚುಕ್ಕಿ ಐತೆ. ಇದು ನೋಯ್ಡಾ ಟಂಕಸಾಲೇಲಿ ಹುಟ್ಟಿದ್ದು. ನಕ್ಷತ್ರ ಇದ್ದಿದ್ರೆ ಹೈದರಾಬಾದು."

"ಅದು ಎಲ್ಲಾರಾ ಹುಟ್ಲಿ ಸಾ, ನೀವೆಲ್ಲಿ ಇಳೀಬೇಕು ಅದ ಮರೀಬ್ಯಾಡಿ!" ಎಂದ ಕಂಡಕ್ಟರ್.

ಇಡೀ ಬಸ್ಸು ನಕ್ಕಿತು. ನಾನು ಕಿಟಕಿಯಾಚೆಯ ಕಬ್ಬಿನ ಗದ್ದೆಗಳನ್ನು ಬಹಳ ಶ್ರದ್ಧೆಯಿಂದ ನೋಡಿದೆ. ಪಕ್ಕದಲ್ಲಿ ಕೂತವರು ಯಾರೋ ಏನೋ!

ಹೆಮ್ಮಿಗೆಯ ಚಿಕ್ಕಜ್ಜನ ಮನೆಯಲ್ಲಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಅವರ ದೇವರಮನೆಯಲ್ಲಿ ತಲೆತಲಾಂತರದಿಂದ ವಿಭೂತಿ ಹಚ್ಚಿಸಿಕೊಳ್ಳುತ್ತಿದ್ದ ಒಂದು ಆನೆ ಕಾಸು. ಅರಸರ ಕಾಲದ್ದಂತೆ. ಮಾವ ವಿಭೂತಿ ಒರೆಸಿದರು, ಚೀಲದಿಂದ ಪುಸ್ತಕ ತೆಗೆದರು, ಹಾಳೆ ಮಗುಚಿದರು, ನಿಟ್ಟುಸಿರಿಟ್ಟರು.

"ಆನೆ ಏನೋ ಸರಿ ಚಿಕ್ಕಪ್ಪಾ. ಸೊಂಡ್ಲು ಕೆಳ್ಗೆ ಇಂಗ್ಲಿಷ್ನಲ್ಲಿ 'ಕಾಫಿ' ಅಂತ ಐತಲ್ಲಾ! ಇದು ಹೋಟ್ಲು ಟೋಕನ್ನು."

ಚಿಕ್ಕಜ್ಜ ಕಾಸನ್ನು ಕಸಿದುಕೊಂಡು ಮತ್ತೆ ವಿಭೂತಿ ಹಚ್ಚಿದರು. ಊಟಕ್ಕೆ ತುಪ್ಪ ಬರಲಿಲ್ಲ. ಬಸ್ ಸ್ಟಾಂಡಿಗೆ ನಡೆಯುತ್ತಾ ನಾನು ಸಿಡುಕಿದೆ: "ಒಂದು ಸಲ ಹೂಂ ಅಂದಿದ್ರೆ ಏನಾಗ್ತಿತ್ತು ಮಾವ?"

"ಕಾಸಿನ ಇಸ್ಯದಲ್ಲಿ ಸುಳ್ಳೇಳಿದ್ರೆ ಇಷ್ಟೆಲ್ಲ ಓದಿದ್ದು ಯಾಕವ್ವಾ?"

ಹಾಗಾಗಿ ನನ್ನ ನಿಶ್ಚಿತಾರ್ಥದ ಹಿಂದಿನ ದಿನ ಅಮ್ಮನಿಗೆ ಹೇಳಿದೆ, "ಮಾವ ಬರಲಿ, ಪುಸ್ತಕ ಬೇಡ."

"ಅದು ಬುಟ್ಟು ಅವ್ನೆಲ್ಲಿ ಬತ್ತಾನೆ?" ಎಂದಳು ಅಮ್ಮ.

ಪುಸ್ತಕವೂ ಬಂತು. ಬನ್ನೂರಿನಿಂದ ಬಂದ ಗಂಡಿನ ದೊಡ್ಡಮ್ಮ ನನ್ನ ಕೊರಳಿನ ಕಾಸಿನ ಸರವನ್ನು ಅಂಗೈಯಲ್ಲಿ ತೂಗಿದರು. ಅಜ್ಜಿ ಅಮ್ಮನಿಗೆ ಕೊಟ್ಟಿದ್ದ, ಊರಾಚೆ ಹೊರಟರೆ ಅಮ್ಮ ತಪ್ಪದೆ ಹಾಕಿಕೊಳ್ಳುತ್ತಿದ್ದ, ರಾಣಿಯ ಮುಖದ ಚಿನ್ನದ ಕಾಸುಗಳ ಸರ.

"ಅಗುರ ಐತಲ್ಲಾ" ಎಂದವರು ಮಾವನ ಕಡೆ ತಿರುಗಿದರು. "ನೀವು ಕಾಸಿನ ಇಸ್ಯ ಬಲ್ಲೋರಂತೆ. ಇದು ಅಸಲಿಯಾ ಏಳಿ, ನೋಡುವಾ."

ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮಾವ ಭೂತಗನ್ನಡಿ ಹಿಡಿದರು. ಒಂದು ಕಾಸು ನೋಡಿದರು. ಇನ್ನೊಂದು ನೋಡಿದರು. ಆಮೇಲೆ ತಲೆಯೆತ್ತಿ ಅಮ್ಮನನ್ನು ನೋಡಿದರು. ಕುಂಕುಮದ ಬಟ್ಟಲು ಹಿಡಿದಿದ್ದ ಅಮ್ಮ ನೆಲ ನೋಡುತ್ತಿದ್ದಳು.

ಮಾವ ಬೆರಳು ಒದ್ದೆ ಮಾಡಿಕೊಂಡು ಹಾಳೆ ಮಗುಚಿ, ಒಂದು ಕಡೆ ಬೆರಳಿಟ್ಟರು. "ಇದೇ ನೋಡಿ. ಅಪ್ಪಟ ಅಸಲಿ."

ಕನ್ನಡಕ ತಂದಿರದ ದೊಡ್ಡಮ್ಮ ಕಣ್ಣು ಕಿರಿದು ಮಾಡಿ ನೋಡಿ, "ಬುಕ್ಕಲ್ಲೇ ಐತಲ್ಲಾ, ಇನ್ನೇನು!" ಎಂದು ನಕ್ಕರು. ತಾಂಬೂಲ ಬದಲಾಯಿತು. ನಾನು ಬಗ್ಗಿ ಆ ಪುಟ ನೋಡಿದೆ. ಯಾವುದೋ ದ್ವೀಪ ದೇಶದ ನಾಣ್ಯ. ಅದರ ಮೇಲೆ ರಾಣಿ ಇರಲಿಲ್ಲ, ಒಂದು ಮೀನಿತ್ತು.

ರಟ್ಟಿನ ಬಣ್ಣ ಮರೆತಿದ್ದೇನೆ, ಮೀನನ್ನು ಮರೆತಿಲ್ಲ. ಎಂ.ಎ.ಗೆ ಫೀಸು ಕಟ್ಟಿ ಸೇರಿಸಲು ಅಮ್ಮ ಮೈಸೂರಿನ ಹಾಸ್ಟೆಲಿಗೆ ಬಂದಾಗ ಅವಳ ಕೊರಳಲ್ಲಿ ಕರಿಮಣಿಯೊಂದೇ ಇತ್ತು ಎಂದೂ ಈಚೆಗೆ ಅನ್ನಿಸುತ್ತದೆ. ಆಗ ನಾನು ಗಮನಿಸಿದ್ದೆನೋ, ಈಗ ಕಲ್ಪಿಸಿಕೊಳ್ಳುತ್ತಿದ್ದೇನೋ?

ಹೋದ ತಿಂಗಳು ನಂಜನಗೂಡಿಗೆ ಹೋಗಿದ್ದಾಗ ಮಾವನನ್ನೇ ಕೇಳಿಬಿಟ್ಟೆ. ಯಾವ ನಾಣ್ಯ ಎಲ್ಲಿ ಹುಟ್ಟಿತೆಂದು ಕೇಳದಿದ್ದರೂ ಹೇಳುವವರು, ಬೀರು ತೆರೆದು, ಧೂಳಿಲ್ಲದ ಪುಸ್ತಕವೊಂದರ ಧೂಳು ಒರೆಸುತ್ತಾ ನಿಂತರು. ನಾನು ಕೇಳಿದ್ದು ಇಷ್ಟೇ:

"ಮಾವ, ಅಮ್ಮನ ಸರದ ಕಾಸು ಬದಲಾಗಿದ್ದು ನಾನು ಎಂ.ಎ. ಸೇರಿದ ವರ್ಷವಾ?"