ಕುರ್ಚಿಯಲ್ಲಿ ಕೂತ ಮಾವನವರು

ರೋಗಿಯ ಆರೈಕೆಯ ವಿಷಯದಲ್ಲಿ ನಾನು ಸಾಮಾನ್ಯನಲ್ಲ. ಧಾರವಾಡದಲ್ಲಿ ಬಿ.ಎ. ಓದುವಾಗ ಪ್ರಥಮ ಚಿಕಿತ್ಸೆಯ ತರಗತಿಗೆ ಹೋಗಿ, ಗಟ್ಟಿಮುಟ್ಟಾಗಿದ್ದ ಗೆಳೆಯರ ಕೈಕಾಲುಗಳಿಗೆಲ್ಲ ಪಟ್ಟಿ ಕಟ್ಟಿ ಮೆಚ್ಚುಗೆ ಪಡೆದವನು. ದಾಂಡೇಲಿಯ ಕಾಗದದ ಕಾರ್ಖಾನೆ ಆಗಿನ್ನೂ ಹೊಸದು. ಅಲ್ಲಿ ಗುಮಾಸ್ತನಾದ ಮೇಲೆ ನನ್ನ ವಿದ್ಯೆಗೆ ತುಕ್ಕು ಹಿಡಿಯುತ್ತಿತ್ತು. ಒಬ್ಬ ಒಳ್ಳೆಯ ರೋಗಿಗಾಗಿ ಕಾಯುತ್ತಿದ್ದೆ. ಮಾವನವರು ಸಿಕ್ಕರು!

ಮಾವ ಬಸವಣ್ಣೆಪ್ಪನವರು ಹಳಿಯಾಳದಲ್ಲಿ ಕಾಳುಕಡಿಯ ವ್ಯಾಪಾರಿ. ಚಳಿಗಾಲ ಬಂತೆಂದರೆ ಅವರಿಗೆ ಉಬ್ಬಸ. ನಾನೂ ನನ್ನ ಹೆಂಡತಿ ಗಂಗಾಳೂ ನೋಡಲು ಹೋದ ದಿನವೇ ಅದು ವಿಪರೀತಕ್ಕೇರಿತು. ತುಟಿ ನೀಲಿಗಟ್ಟುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ದವಾಖಾನೆ ಊರಿನ ಆ ತುದಿಯಲ್ಲಿ.

"ಚಕ್ಕಡಿ ಕಟ್ಟೂಣು. ಮಲಗಿಸಿಕೊಂಡು ಹೋಗೂಣು," ಅಂದರು ಅತ್ತೆ.

"ಮಲಗಸೂದಾ?" ನಾನು ಕೈ ಅಡ್ಡ ಹಿಡಿದೆ. "ಉಬ್ಬಸ ಇದ್ದವರನ್ನ ಮಲಗಿಸಿದ್ರ ಎದಿ ಕಟ್ಟತೈತಿ. ನೆಟ್ಟಗ ಕೂಡಿಸೇ ಒಯ್ಯಬೇಕು. ಶಾಸ್ತ್ರ ಐತಿ!"

ಶಾಸ್ತ್ರ ಸರಿಯಾಗಿಯೇ ಇತ್ತು. ತೊಂದರೆ ಆದದ್ದೇ ಅದರಿಂದ.

ಎತ್ತರ ಬೆನ್ನಿನ ಒಂದು ಕುರ್ಚಿಗೆ ಬಿದಿರು ಕಟ್ಟಿಸಿದೆ. ಅಂಗಡಿಯ ಹಮಾಲರು ಹೊರಲು ಸಿದ್ಧರಾದರು. ರೋಗಿಗೆ ಬಿಸಿಲು ತಾಗಬಾರದು: ಮೂಲೆಗಳಿಗೆ ಗಳ ನಿಲ್ಲಿಸಿ ಮೇಲೆ ಚಾದರ ಹೊದಿಸಿದೆ. ಥಂಡಿ ತಾಗಬಾರದು: ಹೊಸ ಶಾಲು ಸುತ್ತಿದೆ. ತಲೆ ಜೋಲಬಾರದು: ಹಣೆಯ ಮೇಲೆ ಬಿಳಿ ಪಟ್ಟಿ ಹಾಯಿಸಿ ಕುರ್ಚಿಯ ಬೆನ್ನಿಗೆ ಕಟ್ಟಿದೆ. ಅತ್ತೆ ದೇವರ ಮೇಲಿನ ಹೂಮಾಲೆ ತಂದು ಗಂಡನ ಕೊರಳಿಗೆ ಹಾಕಿ, ಹಣೆಯಲ್ಲಿ ಉಳಿದ ಜಾಗಕ್ಕೆ ವಿಭೂತಿ ಎಳೆದರು. ರೋಗಿಯ ಮನೋಬಲಕ್ಕೆ ಒಳ್ಳೆಯದೆಂದು ಅನುಮತಿಸಿದೆ.

ಗಂಗಾ ಬಾಗಿಲಲ್ಲೇ ನಿಂತುಬಿಟ್ಟಳು. "ರೀ, ನನಗ್ಯಾಕೋ ಇದು ಚೊಲೋ ಕಾಣವಲ್ದು."

"ಏನ ಕಾಣವಲ್ದು?"

"ಸ್ವಲ್ಪ ದೂರ ನಿಂತು ನೋಡ್ರಿ."

"ರೋಗೀನ ಬಿಟ್ಟು ದೂರ ನಿಲ್ಲಬಾರದು. ಅದೂ ಶಾಸ್ತ್ರದಾಗ ಐತಿ!"

ಅವಳು ಬಿಸಿನೀರಿನ ಚರಿಗೆ ತರಲು ಒಳಗೆ ಹೋದಳು. ಅತ್ತೆ ದೇವರ ಮುಂದೆ ಕೂತರು. ಹಮಾಲರೂ ನಾನೂ ಕುರ್ಚಿಯೊಂದಿಗೆ ಹೊರಟೆವು.

ಪೇಟೆಯ ತಿರುವಿನಲ್ಲಿ ಕಿರಾಣಿ ಅಂಗಡಿಯವನೊಬ್ಬ ನಮ್ಮನ್ನು ಕಂಡು ಟೊಪ್ಪಿಗೆ ತೆಗೆದ. ಮಾವನವರಿಗೆ ಎಂಥ ಮರ್ಯಾದೆ ಎಂದುಕೊಂಡೆ. ಪಕ್ಕದವನು ಅಂಗಡಿಯ ಬಾಗಿಲನ್ನೇ ಎಳೆದ. ಅದರಾಚೆಯವನು, "ನಿನ್ನಿ ತಕ್ಕಡಿ ಹಿಡಕೊಂಡು ಕುಂತಿದ್ರಲ್ಲೋ ಯಪ್ಪಾ!" ಎಂದು ಗೊಳೋ ಎಂದ.

ಆಗ ಹೊಳೆಯಿತು. ನಮ್ಮ ಲಿಂಗಾಯತರಲ್ಲಿ ಮನುಷ್ಯನನ್ನು ಹೀಗೆ ಕೂಡಿಸಿ, ಶಾಲು ಹೊದಿಸಿ, ಮಾಲೆ ಹಾಕಿ, ಹೆಗಲ ಮೇಲೆ ಊರ ನಡುವೆ ಒಯ್ಯುವುದು ಒಂದೇ ಒಂದು ಸಲ!

"ಜೀವಂತ ಅದಾರ್ರೀ!" ಎಂದು ಕೂಗಿದೆ.

"ಹೌದ್ರಿ ಅಳಿಯಂದ್ರ," ಹಿರಿಯರೊಬ್ಬರು ನನ್ನ ಬೆನ್ನು ಸವರಿದರು. "ಅಂಥಾವರು ಸಾಯ್ತಾರೇನ್ರಿ? ನಮ್ಮ ಮನಸಿನ್ಯಾಗ ಸದಾ ಜೀವಂತ."

"ಅಯ್ಯ, ಉಸಿರಾಡಾಕತ್ತಾರ್ರೀ!"

"ಪಾಪ, ಭಾಳ ಹಚ್ಚಿಕೊಂಡಿದ್ದ. ಇವಗ ಸ್ವಲ್ಪ ನೀರು ಕುಡಸ್ರಿ."

ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ ನೀರು ಕುಡಿಸಿದರು. ಅಷ್ಟರಲ್ಲಿ ಭಜನೆಯವರು ತಾಳ ತಂದರು. ಕೊನೆಯ ಸಲ ಹೆಗಲು ಕೊಡುವುದು ಪುಣ್ಯವೆಂದು ಮಂದಿ ಮುಂದೆ ಬಂದರು. ದವಾಖಾನೆಯವರೆಗೆ ನೆರವು ಸಿಕ್ಕಿತೆಂದು ತಿಳಿದು, ದಣಿದ ಹಮಾಲರು ಬಿದಿರನ್ನು ಕೊಟ್ಟೇಬಿಟ್ಟರು. ನಾನು ತಲೆ ಎತ್ತಿ ನೋಡಿದಾಗ ಕುರ್ಚಿ ರಸ್ತೆಯ ಕವಲು ಮುಟ್ಟಿತ್ತು. ಬಲಕ್ಕೆ ದವಾಖಾನೆ. ಎಡಕ್ಕೆ ರುದ್ರಭೂಮಿ. ಮಾವನವರು ಎಡಕ್ಕೆ ತಿರುಗಿದರು!

ಓಡಿದೆ. ನಾನು ತಲುಪುವ ಮುಂಚೆಯೇ ಯಾರೋ ಭಕ್ತಿಯಿಂದ ಒಂದು ಹಿಡಿ ಗುಲಾಲು ಎರಚಿದರು. ಉಬ್ಬಸದ ಮನುಷ್ಯ ಬಾಯಿ ತೆರೆದೇ ಕೂತಿದ್ದರು. ಪುಡಿ ನೇರವಾಗಿ ಒಳಗೆ ಹೋಯಿತು. ಎದೆ ಏರಿತು. ಇಳಿಯಲಿಲ್ಲ.

ಇಳಿಯದ ಆ ಎದೆ ಈಗಲೂ ಊಟದ ನಡುವೆ ನೆನಪಾಗುತ್ತದೆ, ತುತ್ತು ಕೈಯಲ್ಲೇ ನಿಲ್ಲುತ್ತದೆ. ನಾನು ಕಲಿತ ಶಾಸ್ತ್ರದಲ್ಲಿ ಗುಲಾಲಿಗೆ ಪರಿಹಾರ ಇರಲಿಲ್ಲ. ಬಿ.ಎ. ಪದವೀಧರನಾದ ನಾನು ಮಾಡಿದ್ದಿಷ್ಟೇ: ಬಿದಿರಿಗೆ ಜೋತುಬಿದ್ದೆ.

ಗಂಗಾ ಚರಿಗೆಯ ನೀರು ಚೆಲ್ಲುತ್ತ ಓಡಿ ಬಂದಳು. "ಇಳಸ್ರೋ ಮೊದಲ!" ಎಂದು ಗದರಿ ಕುರ್ಚಿಯನ್ನು ಕೆಳಗಿಡಿಸಿದಳು. ಪಟ್ಟಿ ಕಿತ್ತೆಸೆದು, ಅಪ್ಪನನ್ನು ಮುಂದಕ್ಕೆ ಬಗ್ಗಿಸಿ, ಸೆರಗಿನಿಂದ ಬಾಯಿ ಒರೆಸಿ ಬೆನ್ನು ತಿಕ್ಕಿದಳು. "ಉಗುಳಪಾ! ಉಗುಳ!"

ಮಾವನವರು ಉಗುಳಿದರು, ಗುಲಾಲು ಎರಚಿದವರ ಅಂಗಿಯ ಮೇಲೆಯೇ! ತಾಳ ನಿಂತಿತು. ಹೊತ್ತವರಲ್ಲಿ ಇಬ್ಬರು ಹಿಂದೆ ನೋಡದೆ ಓಡಿದರು. ಉಳಿದವರು ಮೈಮೇಲೆ ಎಚ್ಚರ ಬಂದು, ಓಡಿಬಂದ ಹಮಾಲರೊಡನೆ ಕುರ್ಚಿ ಎತ್ತಿ ಬಲಕ್ಕೆ ಧಾವಿಸಿದರು. ಮೆರವಣಿಗೆ ಇಡಿಯಾಗಿ ದವಾಖಾನೆಗೆ ಬಂತು.

ಡಾಕ್ಟರು ಇಂಜೆಕ್ಷನ್ ಕೊಟ್ಟರು. ಮಾವನವರ ಉಸಿರು ಮೆಲ್ಲಗೆ ಹಳಿಗೆ ಬಂತು. "ಕೂರಿಸಿಕೊಂಡು ತಂದದ್ದು ಬಹಳ ಒಳ್ಳೆಯದಾಯಿತು. ಯಾರ ಬುದ್ಧಿ ಇದು?" ಎಂದರು ಡಾಕ್ಟರು.

ನಾನು ವಿನಯದಿಂದ ಒಂದು ಹೆಜ್ಜೆ ಮುಂದಿಟ್ಟೆ. ಆದರೆ ಮಾವನವರಿಗೆ ಅದೇ ಕ್ಷಣ ಮಾತು ಮರಳಿತು.

"ಡಾಕ್ಟರ್ ಸಾಹೇಬ್ರ, ಮೊದಲ ಅಳಿಯಂದ್ರನ್ನ ಹೊರಗ ಕೂಡಸ್ರಿ. ಉಸಿರಾಡಬೇಕಾಗೇತಿ ನಾನು."

ಹೊರಗೆ ಕೂತೆ. ಅವರು ಬದುಕಿದರು. ಈಗ ಉಬ್ಬಸ ಎದ್ದಾಗಲೆಲ್ಲ ಅತ್ತೆ ಔಷಧಕ್ಕಿಂತ ಮುಂಚೆ, "ದಾಂಡೇಲಿಗೆ ಹೇಳಿ ಕಳಸ್ಲೇನ್ರಿ?" ಎಂದು ಕೇಳುತ್ತಾರಂತೆ. ಅರ್ಧ ಉಬ್ಬಸ ಅಲ್ಲಿಗೇ ಇಳಿಯುತ್ತದಂತೆ. ಉಳಿದರ್ಧಕ್ಕೆ, ನಾನು ಬಸ್ಸು ಹತ್ತಿದೆನೆಂಬ ಸುದ್ದಿ ಸಾಕಂತೆ!