ನಿಂಬೆಹಣ್ಣು ಒಡೆಯದ ಗಾಡಿ

ನಮ್ಮ ಸೋದರಮಾವನಷ್ಟು ಬೇಗ ತೀರ್ಮಾನ ತೆಗೆದುಕೊಳ್ಳುವವರು ಇಡೀ ಚೆನ್ನೈಯಲ್ಲಿ ಇನ್ನೊಬ್ಬರಿಲ್ಲ. ಬೇಕಾದರೆ ಪಣ ಕಟ್ಟುತ್ತೇನೆ! ತೊಂದರೆ ಏನೆಂದರೆ, ಒಂದೇ ವಿಷಯದ ಮೇಲೆ ದಿನಕ್ಕೆ ಆರು ಸಲ ತೆಗೆದುಕೊಳ್ಳುತ್ತಾರೆ. ಬೆಳಗಿನ ಕಾಫಿಯ ಹೊತ್ತಿಗೆ ಬೇಕು ಎಂದದ್ದು ಸ್ನಾನ ಮುಗಿಯುವಷ್ಟರಲ್ಲಿ ಬೇಡವಾಗಿ, ಸಂಧ್ಯಾವಂದನೆ ಮುಗಿಸಿ ಏಳುವಾಗ ಮತ್ತೆ ಬೇಕಾಗಿರುತ್ತದೆ. ಇದನ್ನೆಲ್ಲ ಕೇಳಿಸಿಕೊಳ್ಳಲು ಒಂದು ಕಿವಿ ಬೇಕಲ್ಲ? ಮದುವೆಯಾಗಿ ಮೈಸೂರಿನಿಂದ ಇದೇ ಊರಿನ ಕೀಲ್ಪಾಕಿಗೆ ಬಂದಿಳಿದ ನಾನು ಸಿಕ್ಕಿಬಿದ್ದೆ.

ಅಮ್ಮನ ತೌರಿನವರು ಮೂರು ತಲೆಮಾರಿನಿಂದ ಮದ್ರಾಸಿನವರು. ಮಾವನ ಮನೆ ಟಿ. ನಗರದಲ್ಲಿ, ಸೀರೆ ಅಂಗಡಿಗಳ ಬೆನ್ನಿಗೆ. ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ಎಲ್ಲರಂತೆ ಕಾಶಿ ರಾಮೇಶ್ವರ ಎನ್ನದೆ, ಮಹಾಬಲಿಪುರದಾಚೆ ಸಮುದ್ರದ ಹತ್ತಿರ ಒಂದು ತುಂಡು ನೆಲ ಕೊಂಡರು. ನೆಲ ಎಲ್ಲಿ ಬಂತು, ಬರೀ ಮರಳು! ಬಸ್ಸು ಇಳಿದು ಒಂದು ಮೈಲಿ ಮರಳಿನ ದಾರಿ. ಯಾವ ಆಟೋದವನೂ ಬರುವುದಿಲ್ಲ. ಆದರೂ ಮಾವನ ಹೆಂಡತಿ, ನಮ್ಮ ಅತ್ತೆ, ಅಲ್ಲಿ ಹತ್ತು ತೆಂಗಿನ ಸಸಿ ನೆಟ್ಟರು. ವಾರಕ್ಕೆರಡು ಸಲ ಮಾವ ಸ್ಕೂಟರಿನ ಹಿಂದೆ ಅತ್ತೆಯನ್ನೂ, ಕಾಲ ಬಳಿ ಮೊಸರನ್ನದ ಡಬ್ಬಿಯನ್ನೂ ಇಟ್ಟುಕೊಂಡು ಹೋಗುತ್ತಿದ್ದರು. ಮೂವತ್ತು ವರ್ಷ ಆ ಸ್ಕೂಟರಿನ ಹಿಂದಿನ ಸೀಟು ಅತ್ತೆಯದು.

ಒಂದು ದಿನ ಆ ಮರಳಿನಲ್ಲಿ ಚಕ್ರ ಹೂತು ಸ್ಕೂಟರು ಮಗುಚಿತು. ಅತ್ತೆಗೆ ಮಂಡಿ ತರಚಿತು, ಮಾವನ ಬಲಗೈ ಮಣಿಕಟ್ಟು ಮುರಿಯಿತು. ಕೀಲ್ಪಾಕಿನ ಆಸ್ಪತ್ರೆಯಲ್ಲಿ ಒಳಗೊಂದು ಪ್ಲೇಟು ಕೂರಿಸಿದರು. ಮೂಳೆ ಕೂಡಿತು, ಹಿಡಿತ ಬರಲಿಲ್ಲ. ಇದು ಮನೆಮಂದಿಗೆಲ್ಲ ಗೊತ್ತು, ಮಾವನೊಬ್ಬರನ್ನು ಬಿಟ್ಟು!

"ನನ್ನ ಕೈಗೆ ಏನಾಗಿದೆ? ಕಲ್ಲು ಇದ್ದಂಗೆ ಇದೆ!" ಎನ್ನುವರು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಿರಿ ಎಂದರೆ ಅದನ್ನು ಹಿಡಿದು ಹಿತ್ತಲಿಗೆ ಹೋಗುವರು. ಐದು ನಿಮಿಷಕ್ಕೆ ಬಾಟಲಿ ಬಾಯಿ ತೆರೆದುಕೊಂಡು ವಾಪಸು ಬರುತ್ತಿತ್ತು. ಹಿತ್ತಲ ಗೋಡೆಯಾಚೆಯ ಮನೆಯವರು ಒಂದು ಸಲ ಅತ್ತೆಯನ್ನೇ ಕೇಳಿದರಂತೆ, "ಏನ್ ಮಾಮಿ, ನಿಮ್ಮನೇಲಿ ದಿನಾ ಉಪ್ಪಿನಕಾಯಿನೇ ತಿಂತೀರಾ?"

ಅತ್ತೆ ಮಾತಿನಲ್ಲಿ ಮಿತ, ಹಟದಲ್ಲಿ ಅಲ್ಲ. "ಕೈ ಸರಿಯಿಲ್ಲ ಅಂತ ಬಾಯಿಬಿಟ್ಟು ಹೇಳೋ ತನಕ ನಾನು ನಿಮ್ಮ ಹಿಂದೆ ಕೂರೋದಿಲ್ಲ" ಎಂದುಬಿಟ್ಟರು. ಅಂದಿನಿಂದ ಬಸ್ಸಿನಲ್ಲಿ ಹೋಗಿ, ಚಪ್ಪಲಿ ಕೈಯಲ್ಲಿ ಹಿಡಿದು, ಆ ಮರಳಿನಲ್ಲಿ ಒಬ್ಬರೇ ನಡೆದು ಸಸಿಗಳಿಗೆ ನೀರು ಹಾಕಿ ಬರತೊಡಗಿದರು. ಮಾವ ಕಿಟಕಿಯಲ್ಲಿ ಕೂತು ದಾರಿ ಕಾಯುವರು. ಅತ್ತೆ ಮತ್ತೆ ಹಿಂದೆ ಕೂರಬೇಕು, ಅವರಿಗೆ ಬೇಕಾದದ್ದು ಅಷ್ಟೇ. ಆದರೆ ಬಾಯಿ ಬಿಡಬೇಕಲ್ಲ!

ಆಗ ಕಣ್ಣಿಗೆ ಬಿತ್ತು ಎಟಿವಿ! ಸಮುದ್ರದ ದಡದ ಯಾವುದೋ ರೆಸಾರ್ಟಿನಲ್ಲಿ ಕಂಡರಂತೆ. ಬೈಕಿನ ಹ್ಯಾಂಡಲು, ಬೈಕಿನ ಸೀಟು, ಕೆಳಗೆ ಮಾತ್ರ ನಾಲ್ಕು ಡುಮ್ಮ ಚಕ್ರ. ಮರಳು, ಕೆಸರು, ಹೊಲ ಎಲ್ಲಿ ಬಿಟ್ಟರೂ ಓಡುತ್ತದೆ, ಮಗುಚುವ ಮಾತು ಕಡಿಮೆ. ಬೆಳಿಗ್ಗೆ ಆರಕ್ಕೇ ನನಗೆ ಫೋನು.

"ಮಾ, ಒಂದು ಗಾಡಿ ನೋಡ್ದೆ. ಸೂಪರ್! ಅದರಲ್ಲಿ ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್ ಅಂತ ಬೇರೆ ಬಂದಿದೆಯಂತೆ. ಕಂಡಿಪ್ಪಾ ಅದೇ ವಾಂಗಬೇಕು, ತಗೊಳ್ಳಲೇಬೇಕು."

ಒಂಬತ್ತಕ್ಕೆ ಮತ್ತೆ: "ಪವರ್ ಸ್ಟಿಯರಿಂಗ್ ಬೇಡ ಮಾ. ಒಂದು ಪಾರ್ಟು ಜಾಸ್ತಿ ಅಂದ್ರೆ ಒಂದು ತಲೆನೋವು ಜಾಸ್ತಿ."

ಹನ್ನೊಂದಕ್ಕೆ: "ನೀನು ಬ್ರೌಸಿಂಗ್ ಸೆಂಟರಿಗೆ ಹೋಗಿ ಪ್ರಿಂಟೌಟ್ ತಂದುಬಿಡು."

ತಂದೆ. ಓದಿದೆ. ನಿಜ ಹೇಳಲೇ? ನನಗೂ ಹುಚ್ಚು ಹತ್ತಿತು! ಹ್ಯಾಂಡಲಿನ ಬುಡದಲ್ಲಿ ಒಂದು ಪುಟ್ಟ ಮೋಟರು. ನಾವು ಒಂದಿಷ್ಟು ತಿರುಗಿಸಿದರೆ ಉಳಿದದ್ದು ಅದು ತಿರುಗಿಸುತ್ತದೆ. ಚಕ್ರ ಕಲ್ಲಿಗೆ ಬಡಿದರೂ ಹ್ಯಾಂಡಲು ಕೈಗೆ ಹೊಡೆಯುವುದಿಲ್ಲ. ಇದು ಮಾವನ ಕೈಗೆಂದೇ ಯಾರೋ ಪುಣ್ಯಾತ್ಮ ಕಂಡುಹಿಡಿದ ಹಾಗಿತ್ತು. ಆದರೆ ಹಾಗೆಂದು ಹೇಳುವಂತಿಲ್ಲವಲ್ಲ! ಪವರ್ ಸ್ಟಿಯರಿಂಗ್ ಬೇಕೆಂದರೆ ಕೈ ಸರಿಯಿಲ್ಲವೆಂದು ಒಪ್ಪಿದಂತೆ, ಬೇಡವೆಂದರೆ ಗಾಡಿ ತಿರುಗುವುದಿಲ್ಲ. ಮಾವ ಈ ಇಕ್ಕಟ್ಟಿನಲ್ಲಿ ಒಂದು ತಿಂಗಳು ಒದ್ದಾಡಿದರು. ಮರಳು ಭಾರ, ಸಮುದ್ರದ ಗಾಳಿ ಭಾರ, ತೆಂಗಿನ ಗೊಬ್ಬರದ ಮೂಟೆ ಭಾರ, ಹೀಗೆ ಪವರ್ ಸ್ಟಿಯರಿಂಗಿಗೆ ನೂರೆಂಟು ಕಾರಣ ಹುಡುಕಿದರು. ಕೈಯೊಂದನ್ನು ಬಿಟ್ಟು.

ಅಷ್ಟಕ್ಕೇ ನಿಂತರೆ ಅವರು ನಮ್ಮ ಮಾವ ಹೇಗಾದಾರು? ಟಿ. ನಗರದ ಬಸ್ ಸ್ಟ್ಯಾಂಡಿಗೆ ಹೋಗಿ ಸಮೀಕ್ಷೆ ಶುರು ಮಾಡಿದರು! ಡ್ರೈವರುಗಳು ಟೀ ಕುಡಿಯುವ ಹೊತ್ತು ನೋಡಿ, ನೋಟ್‌ಬುಕ್ಕು ಹಿಡಿದು, "ಇಷ್ಟು ದೊಡ್ಡ ಬಸ್ಸು ತಿರುಗಿಸ್ತೀರಲ್ಲ, ಪವರ್ ಸ್ಟಿಯರಿಂಗ್ ಇದ್ದರೆ ಚೆನ್ನಾಗಿರುತ್ತಾ?" ಎಂದು ತಮಿಳಿನಲ್ಲಿ ಕೇಳುವುದು. ಒಬ್ಬ ಧಡಿಯ ಡ್ರೈವರು ಟೀ ಲೋಟ ಕೆಳಗಿಟ್ಟು, ಅಂಗಿಯ ತೋಳು ಮಡಚಿ, ರಟ್ಟೆ ಉಬ್ಬಿಸಿ ತೋರಿಸಿದ. "ಇದುದಾನ್ ಸಾರ್ ನಮ್ಮ ಪವರ್ ಸ್ಟಿಯರಿಂಗು!" ಆ ದಿನ ಮಾವ ನೋಟ್‌ಬುಕ್ಕಿನಲ್ಲಿ ಏನೂ ಬರೆದುಕೊಳ್ಳಲಿಲ್ಲ.

ಕೊನೆಗೆ ಗಾಡಿ ಸಿಕ್ಕಿದ್ದು ವಡಪಳನಿಯಲ್ಲಿ. ಸಿನಿಮಾ ಶೂಟಿಂಗಿಗೆ ಗಾಡಿ ಬಾಡಿಗೆ ಕೊಡುವವರೊಬ್ಬರ ಶೆಡ್ಡಿನಲ್ಲಿ ವಿದೇಶದಿಂದ ತರಿಸಿದ ಎರಡು ಎಟಿವಿ ಮಾರಾಟಕ್ಕಿದ್ದವು. ಕೆಂಪಿನದಕ್ಕೆ ಪವರ್ ಸ್ಟಿಯರಿಂಗ್ ಇಲ್ಲ, ಹಸಿರಿನದಕ್ಕೆ ಇದೆ. ಮಾವ, ನಾನು ಹೊರಟೆವು. "ಎರಡು ಕಾಸಿನ ಬುದ್ಧಿಯವರು ಇಬ್ಬರೇ ಹೋದರೆ ಕೆಟ್ಟಿತು" ಎಂದು ಅತ್ತೆಯೂ ಹೊರಟರು.

ಎಲ್ಲರೂ ಗಾಡಿ ಕೊಂಡಮೇಲೆ ಪೂಜೆ ಮಾಡಿಸಿದರೆ ನಮ್ಮ ಮಾವ ಕೊಳ್ಳುವ ಮುಂಚೆಯೇ ಮಾಡಿಸಬೇಕೆಂದರು! "ದೇವರು ಬೇಡ ಅಂದ್ರೆ ಗಾಡಿ ಇಲ್ಲೇ ಇರುತ್ತೆ, ನಷ್ಟ ಇಲ್ಲ." ಮನೆದೇವರು ತಿರುಪತಿ ತಿಮ್ಮಪ್ಪನಾದರೂ ಗಾಡಿಯ ಇಲಾಖೆ ಮಾತ್ರ ವಡಪಳನಿಯ ಮುರುಗನದೆಂದು ಅವರ ನಂಬಿಕೆ. ಪಕ್ಕದ ಬೀದಿಯಿಂದ ಪೂಜಾರಿ ಬಂದರು. ಎರಡೂ ಗಾಡಿಗೆ ಕುಂಕುಮ, ಹೂವು, ಕರ್ಪೂರ. ಮೊದಲು ಹಸಿರಿನದರ ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು. ಶೆಡ್ಡಿನ ಯಜಮಾನರು ಗಾಡಿ ಮುಂದಕ್ಕೆ ಬಿಟ್ಟರು.

ನಿಂಬೆಹಣ್ಣು ಒಡೆಯಲಿಲ್ಲ!

ಹಿಂದಕ್ಕೆ ಬಿಟ್ಟರು, ಮುಂದಕ್ಕೆ ಬಿಟ್ಟರು. ಆ ಡುಮ್ಮ ಚಕ್ರದಲ್ಲಿ ಗಾಳಿ ಎಷ್ಟು ಮೆತ್ತಗಿತ್ತೆಂದರೆ, ಹಣ್ಣಿನ ಮೇಲೆ ಹಾಸಿಗೆಯಂತೆ ಬಗ್ಗಿ ದಾಟಿಬಿಡುತ್ತಿತ್ತು. ನಾಲ್ಕೂ ಹಣ್ಣು ಮಾರ್ಕೆಟ್ಟಿನಿಂದ ಈಗಷ್ಟೇ ತಂದಹಾಗೆ ಹೊಳೆಯುತ್ತಿದ್ದವು. "ಇಪ್ಪಡಿ ನಾನ್ ಪಾತ್ತದೇ ಇಲ್ಲ!" ಎಂದು ಪೂಜಾರಿ ಬಾಯಿಮೇಲೆ ಕೈಯಿಟ್ಟರು. ಅವರ ಸರ್ವಿಸಿನಲ್ಲೇ ಇಂಥದ್ದನ್ನು ಕಂಡಿರಲಿಲ್ಲವಂತೆ. ಇದು ಶಕುನವೋ ಅಪಶಕುನವೋ? ನಾನಂತೂ ನಕ್ಕು ನಕ್ಕು ಕಂಬ ಹಿಡಿದುಕೊಂಡೆ.

ಮಾವ ಮಾತ್ರ ನಗಲಿಲ್ಲ. ಹಸಿರಿನದು ದೇವರಿಗೇ ಬೇಡವೆಂದುಕೊಂಡರೇನೋ, ನೇರ ಹೋಗಿ ಕೆಂಪು ಗಾಡಿ ಹತ್ತಿದರು, ಅದೇ ಪವರ್ ಸ್ಟಿಯರಿಂಗ್ ಇಲ್ಲದ್ದು. "ಇದು ಸಾಕು, ನೋಡು" ಎಂದು ಹ್ಯಾಂಡಲು ತಿರುಗಿಸಿದರು. ಎಡಗೈ ಹೋಯಿತು, ಬಲಗೈ ಹೋಗಲಿಲ್ಲ. ಇನ್ನೊಮ್ಮೆ ಹಲ್ಲು ಕಚ್ಚಿ ತಿರುಗಿಸಿದರು. ಹ್ಯಾಂಡಲು ಅರ್ಧಕ್ಕೆ ನಿಂತಿತು. ಪೂಜಾರಿ, ಯಜಮಾನರು, ನಾನು, ಎಲ್ಲರೂ ನಿಂಬೆಹಣ್ಣುಗಳನ್ನೇ ಬಹಳ ಆಸಕ್ತಿಯಿಂದ ನೋಡತೊಡಗಿದೆವು. ನನ್ನ ನಗು ಎಲ್ಲಿ ಹೋಯಿತೋ! ಅಯ್ಯೋ, ಯಾಕಾದರೂ ಕರೆದುಕೊಂಡು ಬಂದೆನೋ ಅನ್ನಿಸಿತು.

ಮಾವ ಮೆಲ್ಲಗೆ ಇಳಿದರು. ಅತ್ತೆಯ ಮುಂದೆ ಬಂದು ನಿಂತರು.

"ಕೈಯಲ್ಲಿ ಶಕ್ತಿ ಇಲ್ಲ ಕಣೇ" ಎಂದರು. "ಅವತ್ತಿಂದ ಇಲ್ಲ. ನನಗೆ ಆ ಹಸಿರುದೇ ಬೇಕು."

ಮಾವ ಹಸಿರು ಗಾಡಿ ಹತ್ತಿ, ಇಂಜಿನ್ ಚಾಲೂ ಮಾಡಿ, ಹ್ಯಾಂಡಲು ಮುಟ್ಟಿದರು. ಅಬ್ಬಾ, ಬೆಣ್ಣೆ! ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ! ನಾನು ಅಂಗಳದಲ್ಲೇ ಕುಣಿದುಬಿಟ್ಟೆ. ಹಿಂತಿರುಗಿ ನೋಡುವಷ್ಟರಲ್ಲಿ ಅತ್ತೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಯಜಮಾನರ ಸ್ಟೂಲಿನ ಮೇಲೆ ಕಾಲಿಟ್ಟು, ಹಿಂದಿನ ಸೀಟು ಹತ್ತಿ ಕೂತೇಬಿಟ್ಟಿದ್ದರು!

ಗಾಡಿ ಹೊರಡಲಿಲ್ಲ. ಮಾವ ಮುಂದೆ ನೋಡುತ್ತಲೇ ಕೂತಿದ್ದರು.

"ಅವತ್ತು ನಿನ್ನ ಬೀಳಿಸಿಬಿಟ್ಟೆನಲ್ಲೇ" ಎಂದರು.

"ಬಿದ್ದಿದ್ದು ಇಬ್ಬರೂ ತಾನೇ?" ಎಂದರು ಅತ್ತೆ, ಅವರ ಹೆಗಲ ಮೇಲೆ ಕೈಯಿಡುತ್ತ. "ನೀವೊಬ್ಬರೇ ಬಿದ್ದ ಹಾಗೆ ಯಾಕ್ರೀ ಇಷ್ಟು ದಿನ ಒಬ್ಬರೇ ಅನುಭವಿಸಿದ್ರಿ? ನಡೀರಿ, ನಾನು ಹಿಡ್ಕೊಂಡಿದೀನಿ."