ಕಿವಿರಾಯರು ಸಹಿ ಕೇಳಲು ಹೋದದ್ದು

ಹೆಂಡತಿ: ಸಹಿ ಹಾಕಿ ಕಳಿಸ್ರೀ ಅವರನ್ನ. ಕೇಳಿದ್ರೆ ಕೇಳ್ಕೊಳ್ಳಲಿ. ನಮ್ಮಲ್ಲಿ ಮುಚ್ಚಿಡೋಕೆ ಏನಿದೆ?

ಗಂಡ: ಮುಚ್ಚಿಡೋಕೆ ಏನೂ ಇಲ್ಲ ಅಂತ ಯಾರಾದ್ರೂ ಬಾಗಿಲಿಲ್ಲದ ಬಚ್ಚಲು ಕಟ್ಟಿಸ್ತಾರೇನೇ?

ಹೆಂಡತಿ: ನಮ್ಮ ಬಚ್ಚಲಿನ ಚಿಲಕ ಮುರಿದು ನಾಲ್ಕು ತಿಂಗಳಾಯ್ತು. ಅದಕ್ಕಿಲ್ಲದ ಮರ್ಯಾದೆ ಫೋನಿಗೆ ಎಲ್ಲಿಂದ ಬಂತು?

ಇಬ್ಬರ ನಡುವೆ, ಬಟ್ಟೆ ತುಂಡುಗಳನ್ನು ಪಕ್ಕಕ್ಕೆ ಸರಿಸಿ ಕೊಟ್ಟ ಸ್ಟೂಲಿನ ಮೇಲೆ ಕೂತಿದ್ದ ಕಿವಿರಾಯರು 'ನಾಲ್ಕಲ್ಲ, ಐದು' ಎಂದು ಮನಸ್ಸಿನಲ್ಲೇ ತಿದ್ದಿದರು. ಬಡಗಿಗೆ ಮೊದಲ ಸಲ ಫೋನು ಹೋದ ದಿನ ಅವರಿಗೆ ಚೆನ್ನಾಗಿ ನೆನಪಿತ್ತು. ಆದರೆ ಬಾಯಿ ಬಿಡುವಂತಿರಲಿಲ್ಲ.

ಕಿವಿರಾಯ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕಚೇರಿಯಲ್ಲಿ ಬಿದ್ದದ್ದು. ಇಪ್ಪತ್ತೊಂಬತ್ತು ವರ್ಷ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಮಂದಿಯ ಫೋನು ಕದ್ದು ಕೇಳಿ ಬರೆದುಕೊಳ್ಳುವುದೇ ಅವರಿಗೆ ಸರ್ಕಾರ ಕೊಟ್ಟ ಕೆಲಸ. ಅದರಲ್ಲಿ ಕೊನೆಯ ಆರು ವರ್ಷ ಈ ಮನೆಗೇ ಮೀಸಲಾಗಿದ್ದವು. ಈಗ ನ್ಯಾಯಾಲಯ ಇಲಾಖೆಯ ಕಿವಿ ಹಿಂಡಿತ್ತು. ಕಾರಣವಿಲ್ಲದೆ ಯಾರ ಯಾರ ಫೋನು ಕೇಳಿದ್ದೀರೋ ಅವರ ಮನೆಗೇ ಹೋಗಿ, ವಿಷಯ ತಿಳಿಸಿ, ಸಹಿ ತನ್ನಿ. ಸಹಿ ಬಂದ ಮೇಲೆ ಕೇಳುವುದನ್ನು ನಿಲ್ಲಿಸಿ ಎಂದಿತ್ತು. ಸಹಿ ಬರುವ ತನಕ ನಿಲ್ಲಿಸಿ ಎಂದು ಹೇಳಲಿಲ್ಲವಾದ್ದರಿಂದ ಇಲಾಖೆ ನಿಲ್ಲಿಸಿರಲಿಲ್ಲ.

ಕಿವಿರಾಯರ ನಿವೃತ್ತಿಗೆ ಮೂರು ವಾರ ಬಾಕಿ. ಅವರ ಪಾಲಿಗೆ ಬಂದ ಸಹಿಗಳಲ್ಲಿ ಉಳಿದದ್ದು ಇದೊಂದೇ. ಇದು ಸಿಗದಿದ್ದರೆ ನಿವೃತ್ತಿಯ ಕಾಗದ ಜಾಗ ಬಿಟ್ಟು ಕದಲುವುದಿಲ್ಲ. ಕೇಳಿದ ಮಾತಿನಲ್ಲಿ ಒಂದಕ್ಷರ ಹೊರಗೆ ಬಿಟ್ಟರೆ ನಿವೃತ್ತಿಯ ಮಾತೇ ಇಲ್ಲ, ನೇರವಾಗಿ ವಜಾ. ಹಾಗಾಗಿ ಅವರು ಬಂದ ಕೂಡಲೇ, ನಾನು ಬರೀ ಕಾಗದ ತಲುಪಿಸುವವನು, ನನಗೆ ಏನೂ ಗೊತ್ತಿಲ್ಲ ಎಂದು ಎರಡೆರಡು ಸಲ ಹೇಳಿಕೊಂಡಿದ್ದರು.

ಗಂಡ ಫಾರಮ್ಮನ್ನು ಕನ್ನಡಕದ ಹತ್ತಿರ ಹಿಡಿದ.

ಗಂಡ: 'ಸದರಿ ದೂರವಾಣಿಯನ್ನು ಸದುದ್ದೇಶದಿಂದ ಆಲಿಸಲಾಗಿದ್ದು, ಇದರಿಂದ ಸದರಿಯವರ ಖಾಸಗಿತನಕ್ಕೆ ಯಾವುದೇ ಧಕ್ಕೆ ಉಂಟಾಗಿರುವುದಿಲ್ಲವೆಂದು ಸದರಿಯವರೇ ಸಂತೋಷದಿಂದ ಒಪ್ಪಿರುತ್ತಾರೆ.' ಈ ಸಂತೋಷ ಯಾವಾಗ ಆಯ್ತು ನನಗೆ?

ಕಿವಿರಾಯ: ಸಹಿ ಹಾಕಿದ ಮೇಲೆ ಆಗುತ್ತೆ ಸಾರ್.

ಗಂಡ: ಅಲ್ಲ, ನಮ್ಮ ಫೋನೇ ಯಾಕೆ? ಇವಳು ಟೈಲರು. ನಾನು ವಾರಪತ್ರಿಕೆಗೆ ಪದಬಂಧ ಮಾಡಿ ಕೊಡೋನು. ನಮ್ಮಿಂದ ಸರ್ಕಾರ ಉರುಳುತ್ತಾ?

ಕಾರಣ ಆ ಪದಬಂಧವೇ ಎಂದು ಕಿವಿರಾಯರಿಗೆ ಗೊತ್ತಿತ್ತು. ಈ ಮನುಷ್ಯ ಪ್ರತಿ ಮಂಗಳವಾರ ಬೆಳಿಗ್ಗೆ ಪತ್ರಿಕೆಯ ಕಚೇರಿಗೆ ಫೋನು ಮಾಡಿ ಸುಳಿವುಗಳನ್ನು ಒಂದೊಂದಾಗಿ ಬರೆಸುತ್ತಿದ್ದ. 'ಮೇಲಿನಿಂದ ಕೆಳಕ್ಕೆ ಆರು: ಕೋಟೆ ಬಿದ್ದಾಗ ಮೊದಲು ಓಡಿದವನು.' 'ಎಡದಿಂದ ಬಲಕ್ಕೆ ಹನ್ನೊಂದು: ಕಾದಾಗ ಸಿಡಿಯುವ ಕಪ್ಪು ಗುಂಡು, ಮೂರಕ್ಷರ.' ಯಾರದೋ ದೂರಿನ ಮೇಲೆ ಒಂದು ಮಂಗಳವಾರ ಕೇಳಿಸಿಕೊಂಡ ಸಾಹೇಬರು ಆ ವಾರವೇ ಮಂತ್ರಿಗಳ ಮನೆಗೆ ಕಾವಲು ದುಪ್ಪಟ್ಟು ಮಾಡಿಸಿದ್ದರು. ಮುಂದಿನ ವಾರ ಉತ್ತರ ಅಚ್ಚಾಯಿತು: ಸಾಸಿವೆ. ಅದನ್ನು ನೋಡಿ ಸಾಹೇಬರಿಗೆ ಅನುಮಾನ ಇನ್ನೂ ಹೆಚ್ಚಿತು. ಇಷ್ಟು ಸಲೀಸಾಗಿ ಉತ್ತರ ಕೊಡುವವನು ಸಾಮಾನ್ಯ ಆಸಾಮಿಯಲ್ಲ ಎಂದು ಆರು ವರ್ಷ ಕೇಳಿಸಿದರು.

ಕೇಳಿ ಕೇಳಿ ಕಿವಿರಾಯರಿಗೆ ಪದಬಂಧದ ಚಟ ಹಿಡಿಯಿತು. ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಅದನ್ನು ಬಿಡಿಸುತ್ತಿದ್ದವರು ಊರಿಗೆಲ್ಲ ಇವರೊಬ್ಬರೇ. ನಿಜ ಹೇಳಬೇಕೆಂದರೆ, ನಾಳೆಯಿಂದ ಈ ಇಬ್ಬರ ಜಗಳ ಕಿವಿಗೆ ಬೀಳುವುದಿಲ್ಲವಲ್ಲ ಎಂದು ಅವರಿಗೆ ಸಂಕಟವಾಗುತ್ತಿತ್ತು. ಸ್ವಂತ ತಮ್ಮನ ದನಿಗಿಂತ ಈ ದನಿಗಳೇ ಅವರಿಗೆ ಹತ್ತಿರವಾಗಿದ್ದವು.

ಗಂಡ: ಬರೆದುಕೊಳ್ಳಿ. ಇಪ್ಪತ್ತೆರಡು ವರ್ಷ ಪದಬಂಧ ಮಾಡಿದ್ದೀನಿ. ಒಂದು ತಪ್ಪು ತೋರಿಸಿದವರಿಲ್ಲ. ಅಂಥವನ ಮೇಲೆ ಅನುಮಾನ.

ಕಿವಿರಾಯ: ಒಂದೂ ತಪ್ಪಿಲ್ಲ ಅಂತೀರಾ?

ಗಂಡ: ಒಂದೂ ಇಲ್ಲ.

ಕಿವಿರಾಯರು ನಿವೃತ್ತಿಯನ್ನು ನೆನೆದರು. ವಜಾ ಅನ್ನುವ ಪದವನ್ನೂ ನೆನೆದರು. ಆದರೆ ಮೂರು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡದ್ದು ತಡೆಯಲಿಲ್ಲ.

ಕಿವಿರಾಯ: 'ಮೀನು ಹಿಡಿಯಲು ಬೇಕು, ಎರಡಕ್ಷರ.' ನೀವು ಬಲೆ ಅಂದ್ರಿ. ಗಾಳ ಯಾಕಾಗಬಾರದು? ಮೂಲೆಯ ಮನೆ, ಅಡ್ಡ ಬರೋ ಪದಾನೂ ಇಲ್ಲ. ನಾನು ಗಾಳ ಅಂತ ಬರೆದು ಒಂದು ವಾರ ಕಾದೆ ಸಾರ್.

ಹೆಂಡತಿ ಹೊಲಿಗೆ ಮೆಷಿನ್ನಿನ ಚಕ್ರದ ಮೇಲೆ ಇಟ್ಟಿದ್ದ ಕೈಯನ್ನು ತೆಗೆದಳು.

ಹೆಂಡತಿ: ಕೇಳಿದ್ದು ನೀವೇನಾ?

ಕಿವಿರಾಯರ ಕೈ ತಾನಾಗಿ ಕಿವಿಗೆ ಹೋಯಿತು. ಅದೇ ಉತ್ತರವಾಯಿತು. ಗಂಡ ಕೈಯೆತ್ತಿ ಎದ್ದು ನಿಂತ. ಮನೆಯೊಳಗೆ ಕೂರಿಸಿ ಕಾಫಿ ಕೊಟ್ಟವರ ಎದುರೇ ಕೂತು ಸುಳ್ಳು ಹೇಳಿದಿರಿ, ಎದ್ದೇಳಿ ಎಂದ. ಹೆಂಡತಿ ಕೂತ್ಕೊಳ್ಳಿ ಎಂದಳು. ಕಿವಿರಾಯರು ಅರ್ಧ ಎದ್ದು ಅರ್ಧ ಕೂತರು.

ಹೆಂಡತಿ: ದೇವರು ಕಳಿಸಿದ ಹಾಗೆ ಬಂದಿದ್ದೀರಿ. ಇವರ ಅಕ್ಕ, ನಮ್ಮ ಅತ್ತಿಗೆ, ಭಾನುವಾರ ಮೂರು ಟ್ರಂಕು ತಗೊಂಡು ಬರ್ತಿದ್ದಾರೆ. ನಾಲ್ಕು ದಿನಕ್ಕಲ್ಲ, ಇರೋಕೇ. ಎಲ್ಲಿ ಅಂದ್ರೆ ಈ ಕೋಣೆಯಲ್ಲಿ. ನನ್ನ ಮೆಷಿನ್ನು, ಗಿರಾಕಿಗಳ ಬಟ್ಟೆ, ಹತ್ತೊಂಬತ್ತು ವರ್ಷದ ಕೆಲಸ, ಎಲ್ಲಾ ಮೆಟ್ಟಿಲ ಕೆಳಗೆ. ಫೋನಿನಲ್ಲಿ ಬಾ ಅಂತ ಕರೆದದ್ದು ಇವರು. ಕೇಳಿದ್ರೆ, ನಾನು ಹಾಗೆ ಅಂದೇ ಇಲ್ಲ ಅಂತಾರೆ.

ಗಂಡ: ಅಂದಿಲ್ಲ.

ಹೆಂಡತಿ: ಮದುವೆಯಾದಾಗಿನಿಂದ ಇವರು ಏನನ್ನೂ ಅಂದಿಲ್ಲ ಸ್ವಾಮಿ. ಪ್ರತಿ ಜಗಳಾನೂ ಇದೇ ಒಂದು ಮಾತಲ್ಲಿ ಗೆದ್ದಿದ್ದಾರೆ. ಇವತ್ತು ಸಾಕ್ಷಿ ಸಿಕ್ಕಿದೆ. ಹೇಳಿ, ಕರೆದದ್ದು ಯಾರು?

ಕಿವಿರಾಯರು ನಿಯಮ ಹೇಳಿದರು. ಕೇಳಿದ ಮಾತು ಸರ್ಕಾರದ ಗುಟ್ಟು, ಯಾರಿಗೂ ಹೇಳುವಂತಿಲ್ಲ.

ಹೆಂಡತಿ: ನಾವಾಡಿದ ಮಾತು ನಮಗೇ ಗುಟ್ಟಾ?

ಕಿವಿರಾಯ: ಹೌದು ತಾಯಿ. ನಿಮ್ಮಿಬ್ಬರನ್ನ ಬಿಟ್ರೆ ಬೇಕಾದವರಿಗೆಲ್ಲ ಗೊತ್ತು. ಕಚೇರಿಯಲ್ಲೇ ಹದಿನೇಳು ಜನ ಓದಿದ್ದಾರೆ.

ಗಂಡನ ಮುಖ ಕೆಂಪಾಯಿತು. ಗಂಡ ಹೆಂಡಿರ ನಡುವೆ ಸರ್ಕಾರ ಸ್ಟೂಲು ಹಾಕಿ ಕೂರುವುದೇ, ನಾಲ್ಕು ಗೋಡೆಯೊಳಗಿನ ಮಾತಿಗೆ ಬೆಲೆ ಇಲ್ಲವೇ ಎಂದು ಆತ ಸುಮಾರು ಹೊತ್ತು ಕೂಗಾಡಿದ. ಒಳ್ಳೆಯ ಮಾತುಗಳೇ. ಆದರೆ ಅಷ್ಟು ಮಾತಿನ ಹಿಂದೆ ಆತನಿಗೆ ಇದ್ದದ್ದು ಒಂದೇ ಚಿಂತೆ: ನಾನು ನಿಜವಾಗಿಯೂ ಅಕ್ಕನಿಗೆ ಬಾ ಅಂದಿದ್ದೆನೋ ಇಲ್ಲವೋ. ಆತನಿಗೆ ನೆನಪೇ ಇರಲಿಲ್ಲ.

ಹೆಂಡತಿ: ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ಅಂದಿಲ್ಲ ಅಂದ ಮೇಲೆ ಭಯ ಯಾಕೆ? ಹೇಳಲಿ ಬಿಡಿ.

ಗಂಡ: ಭಯ ಯಾರಿಗೆ? ಹೇಳ್ರೀ. ಹೇಳಿದ್ರೆ ಸಹಿ. ಇಲ್ಲದಿದ್ರೆ ಆ ಕಾಗದ ಹಾಗೇ ವಾಪಸ್.

ಕಿವಿರಾಯರಿಗೆ ಅತ್ತ ದರಿ, ಇತ್ತ ಪುಲಿ. ಹೇಳಿದರೆ ವಜಾ, ಹೇಳದಿದ್ದರೆ ಸಹಿಯಿಲ್ಲ. ದಾರಿ ಹುಡುಕಿಕೊಟ್ಟವಳು ಹೆಂಡತಿಯೇ.

ಹೆಂಡತಿ: ಬಾಯಿ ಬಿಡಬಾರದು ಅಂತ ತಾನೇ ನಿಯಮ? ತಲೆ ಆಡಿಸಬಾರದು ಅಂತ ಬರೆದಿದ್ದಾರಾ?

ಬರೆದಿರಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಯಾರೂ ಇವರ ತಲೆಯ ಬಗ್ಗೆ ಯೋಚಿಸಿರಲೇ ಇಲ್ಲ.

ಹೆಂಡತಿ: ಅತ್ತಿಗೆಯನ್ನ ಬಾ ಅಂತ ಕರೆದದ್ದು ನಮ್ಮ ಮನೆಯವರು. ಹೌದಾ?

ಕಿವಿರಾಯರ ತಲೆ ಅಡ್ಡಡ್ಡ ಆಡಿತು. ಗಂಡನಿಗೆ ಹೋದ ಜೀವ ಬಂದಂತಾಯಿತು.

ಹೆಂಡತಿ: ಇಲ್ವಾ? ಮತ್ತೆ ಅತ್ತಿಗೆ ತಾವಾಗೇ ಹೊರಟ್ರಾ?

ತಲೆ ಮತ್ತೆ ಅಡ್ಡಡ್ಡ ಆಡಿತು.

ಹೆಂಡತಿ: ಹಾಗಾದ್ರೆ ಈ ಮನೆಯಲ್ಲಿ ಇನ್ಯಾರಿದ್ದಾರೆ ಕರೆಯೋಕೆ?

ಕಿವಿರಾಯರು ತಲೆ ಆಡಿಸಲಿಲ್ಲ. ಸುಮ್ಮನೆ ಆಕೆಯನ್ನೇ ನೋಡಿದರು. ಆಕೆ ಹಿಂದೆ ತಿರುಗಿ ನೋಡಿದಳು. ಹಿಂದೆ ಗೋಡೆಯಿತ್ತು.

ಹೆಂಡತಿ: ನಾನಾ?

ಗಂಡ ಸ್ಟೂಲಿನ ಪಕ್ಕಕ್ಕೆ ಬಂದು ಕಿವಿರಾಯರ ಭುಜದ ಮೇಲೆ ಕೈಯಿಟ್ಟ. ಐದು ನಿಮಿಷದ ಹಿಂದೆ ಹೊರಗೆ ದಬ್ಬಲು ಎತ್ತಿದ್ದ ಕೈ ಅದು.

ಗಂಡ: ಹೇಳಿ ಅಣ್ಣಾ. ಬಾಯಿ ಬಿಟ್ಟೇ ಹೇಳಿ. ನಾವಿಬ್ಬರೇ ಇದ್ದೀವಿ, ಹೊರಗೆ ಹೋಗಲ್ಲ. ಸರ್ಕಾರ ಅಂದ್ರೆ ತಂದೆ ಸಮಾನ. ತಂದೆ ಹತ್ರ ಏನು ಗುಟ್ಟು?

ಕಿವಿರಾಯ: ಹೋದ ತಿಂಗಳು ಹನ್ನೆರಡನೇ ತಾರೀಕು, ಬೆಳಿಗ್ಗೆ ಏಳೂ ಕಾಲು. ನಿಮ್ಮ ಅಕ್ಕ ಕಾಲು ಉಳುಕಿದ್ದನ್ನ ಇಪ್ಪತ್ತು ನಿಮಿಷ ಹೇಳಿದ್ರು. ಆಮೇಲೆ ಈ ತಾಯಿ, 'ಅಲ್ಯಾಕೆ ಕಷ್ಟಪಡ್ತೀರಿ ಅತ್ತಿಗೆ, ಇದು ನಿಮ್ಮದೇ ಮನೆ ಅಂತ ತಿಳ್ಕೊಳ್ಳಿ, ಇಲ್ಲೇ ಬಂದಿರಿ, ಮುಂದಿನ ಕೋಣೆಗೆ ಬೆಳಕೂ ಚೆನ್ನಾಗಿ ಬರುತ್ತೆ' ಅಂದ್ರು.

ಹೆಂಡತಿ: ಹಾಲು ಉಕ್ಕುತ್ತಿತ್ತು ಕಣ್ರೀ. ಅವರು ಫೋನ್ ಇಡಲ್ಲ ಅಂದ್ರೆ ಏನು ಮಾಡಲಿ? ಮುಗಿಸೋಕೆ ಏನೋ ಒಂದು ಒಳ್ಳೆ ಮಾತು ಹೇಳ್ಬೇಕಾಗಿತ್ತು.

ಕಿವಿರಾಯ: ಹೌದು. ಹಾಲು ಉಕ್ಕಿದ್ದೂ ಕೇಳಿಸ್ತು.

ಅಲ್ಲಿಗೆ ಆಕೆಗೆ ರೇಗಿತು. ಒಲೆಯ ಮೇಲಿನ ಹಾಲು ಉಕ್ಕುವುದನ್ನು ಕದ್ದು ಕೇಳುವುದಕ್ಕೆ ನಾಚಿಕೆಯಾಗುವುದಿಲ್ಲವೇ ಎಂದಳು. ಅತ್ತಿಗೆ ನಾದಿನಿಯರು ಏನೋ ಮಾತಾಡಿಕೊಳ್ಳುತ್ತಾರೆ, ಅದನ್ನು ಬರೆದಿಟ್ಟುಕೊಳ್ಳುವುದು ಯಾವ ಸೀಮೆಯ ದೇಶಸೇವೆ ಎಂದಳು. ಮನುಷ್ಯರೆಂದ ಮೇಲೆ ಒಂದು ಮರೆ ಮಾಚು ಬೇಡವೇ, ನಾನು ಇದನ್ನು ನ್ಯಾಯಾಲಯಕ್ಕೇ ಒಯ್ಯುತ್ತೇನೆ ಎಂದಳು. ಗಂಡ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಾಲ ಮೇಲೆ ಕಾಲು ಹಾಕಿದ.

ಗಂಡ: ಕೇಳಿದ್ರೆ ಕೇಳ್ಕೊಳ್ಳಲಿ ಬಿಡೇ. ನಮ್ಮಲ್ಲಿ ಮುಚ್ಚಿಡೋಕೆ ಏನಿದೆ?

ಆಕೆ ಕತ್ತರಿ ಹುಡುಕುತ್ತಿದ್ದಾಗ ಫೋನು ಹೊಡೆದುಕೊಂಡಿತು. ಮೂವರೂ ಫೋನನ್ನು ನೋಡಿದರು. ಈ ಹೊತ್ತಿಗೆ ಫೋನು ಮಾಡುವವರು ಯಾರೆಂದು ಮೂವರಿಗೂ ಗೊತ್ತಿತ್ತು.

ಹೆಂಡತಿ: ನಾನು ಎತ್ತಲ್ಲಪ್ಪ. ಎತ್ತಿದ್ರೆ ಇನ್ನೇನು ಬಾಯಿಂದ ಬರುತ್ತೋ.

ಗಂಡ: ಅಕ್ಕನಿಗೆ ಬೇಡ ಅನ್ನೋ ಧೈರ್ಯ ನನಗೆ ಹುಟ್ಟಿದಾಗಿನಿಂದ ಬಂದಿಲ್ಲ.

ಇಬ್ಬರೂ ಕಿವಿರಾಯರ ಕಡೆ ತಿರುಗಿದರು. ಹೇಗೂ ಎಲ್ಲ ತಿಳಿದವರು, ನೀವೇ ಮಾತಾಡಿ ಎಂದು ರಿಸೀವರನ್ನು ಅವರ ಕೈಗೆ ತುರುಕಿದರು. ಆ ದನಿಯ ಜೋರು ಬಲ್ಲ ಕಿವಿರಾಯರು ಅದನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದರು. ಅಕ್ಕನ ದನಿ ಕೋಣೆಯ ತುಂಬ ಕೇಳಿಸಿತು.

ಅಕ್ಕ: ಯಾರದು? ತಮ್ಮನ ಉಸಿರಲ್ಲ ಇದು.

ಕಿವಿರಾಯ: ನಾನು ಸರ್ಕಾರ, ತಾಯಿ.

ಅಕ್ಕ: ಸರ್ಕಾರಕ್ಕೇನು ಕೆಲಸ ಅಲ್ಲಿ?

ಕಿವಿರಾಯ: ಆರು ವರ್ಷದಿಂದ ಈ ಫೋನಿನಲ್ಲಿ ಆಡಿದ್ದೆಲ್ಲ ಕೇಳ್ತಿದ್ದೀನಿ. ನಿಮ್ಮ ಕಾಲು ಈಗ ಹೇಗಿದೆ?

ಆರು ವರ್ಷದಲ್ಲಿ ಆ ದನಿ ಸುಮ್ಮನಾದದ್ದನ್ನು ಕಿವಿರಾಯರು ಕೇಳಿದ್ದು ಅದೇ ಮೊದಲು.

ಅಕ್ಕ: ನನ್ನ ಸೊಸೆಯ ವಿಷಯ ಹೇಳಿದ್ದೆಲ್ಲಾನೂ?

ಕಿವಿರಾಯ: ಎಲ್ಲಾನೂ. ಬರೆದಿಟ್ಟಿದೆ.

ಅಕ್ಕ: ನಾನು ಅಲ್ಲಿಗೆ ಬರೋದೇ ಅವಳ ಬಗ್ಗೆ ನೆಮ್ಮದಿಯಾಗಿ ಫೋನಿನಲ್ಲಿ ಮಾತಾಡೋಕೆ. ಆ ಮನೆ ಫೋನಿಗೇ ಸರ್ಕಾರದ ಕಿವಿ ಇದ್ರೆ ಅಲ್ಲಿ ಬಂದು ಏನು ಮಾಡಲಿ? ಬರಲ್ಲ ಅಂತ ಹೇಳಿಬಿಡಪ್ಪ. ಟ್ರಂಕು ಬಿಚ್ಚಿಸ್ತೀನಿ.

ಲೈನು ಕಡಿಯಿತು. ಹೆಂಡತಿ ಮೆಷಿನ್ನನ್ನು ಎರಡೂ ಕೈಯಿಂದ ತಡವಿದಳು. ಕಣ್ಣಲ್ಲಿ ನೀರು ಬಂದದ್ದನ್ನು ಮರೆಸಲು ಹೋಗಲಿಲ್ಲ. ಇನ್ನೊಂದು ಲೋಟ ಕಾಫಿ ತಂದಳು. ಗಂಡ ಮರುಮಾತಿಲ್ಲದೆ ಸಹಿ ಹಾಕಿದ. ಹಾಕುವಾಗ, ಗಾಳವೂ ಸರಿಯೇ ಎಂದು ಮೆಲ್ಲಗೆ ಒಪ್ಪಿಕೊಂಡ. ಕಿವಿರಾಯರಿಗೆ ನಿವೃತ್ತಿ ಕಾಗದ ಕೈಗೇ ಬಂದಷ್ಟು ಸಂತೋಷವಾಯಿತು. ಫಾರಮ್ಮನ್ನು ಮಡಚಿ ಜೇಬಿಗಿಟ್ಟು ಎದ್ದರು.

ಹೆಂಡತಿ: ಒಂದು ಮಾತು. ನೀವು ಇಲ್ಲಿದ್ದೀರಿ. ಈಗ ಅಲ್ಲಿ ನಿಮ್ಮ ಕುರ್ಚಿಯಲ್ಲಿ ಯಾರಿದ್ದಾರೆ?

ಕಿವಿರಾಯ: ನನ್ನ ಜಾಗಕ್ಕೆ ಬರೋರು. ನಾನೇ ಕಲಿಸಿದ್ದು. ಬಹಳ ಚುರುಕು. ಕಾಗದ ತಲುಪೋವರೆಗೂ ಒಂದು ಕೆಮ್ಮನ್ನೂ ಬಿಡದೆ...

ಮಾತು ಅಲ್ಲಿಗೇ ನಿಂತಿತು. ತಾವೇ ಬಾಯಿಪಾಠ ಮಾಡಿಸಿದ ಪಾಠ ಕಿವಿರಾಯರಿಗೆ ನೆನಪಾಯಿತು. ಹೊಸ ದನಿ ಬಂದರೆ ಹೊಸ ಫೈಲು. ಆ ದನಿ ಸರ್ಕಾರದ ಹೆಸರೆತ್ತಿದರೆ ಕೆಂಪು ಫೈಲು. ಗುಟ್ಟು ಬಿಟ್ಟುಕೊಟ್ಟರೆ ನೇರವಾಗಿ ಸಾಹೇಬರ ಮೇಜಿಗೆ. ಅದು ನಾನೇ ಕಣಯ್ಯ ಎಂದು ತಿಳಿಸಲು ಅವರು ಫೋನಿನ ಕಡೆ ಕೈ ಚಾಚಿದರು. ಬಿಸಿ ತಾಗಿದವರಂತೆ ಹಿಂದಕ್ಕೆ ಎಳೆದುಕೊಂಡರು. ಸ್ಟೂಲಿನ ಮೇಲೆ ಮತ್ತೆ ಕುಸಿದು, ಈಗ ನನ್ನ ಮಾತೂ ಬರೆದುಕೊಂಡಿರುತ್ತಾರಲ್ಲ ತಾಯಿ ಎಂದರು.

ಹೆಂಡತಿ ಕಾಫಿ ಲೋಟವನ್ನು ಅವರ ಮುಂದಕ್ಕೆ ಸರಿಸಿದಳು.

ಹೆಂಡತಿ: ಬರ್ಕೊಂಡ್ರೆ ಬರ್ಕೊಳ್ಳಲಿ ಬಿಡಿ ಅಣ್ಣಾ. ನಿಮ್ಮಲ್ಲಿ ಮುಚ್ಚಿಡೋಕೆ ಏನಿದೆ?